ಬಿಲ್ಲೆಯ ಪ್ರಕಾರ

ಗರಗ
೨೯ ಅಕ್ಟೋಬರ್ ೨೦೦೩

ನನ್ನ ಬದಲಿಗೆ ಈ ಶಾಲೆಗೆ ಬರುವ ಹನಮೇಶ ಅಣ್ಣಾವರಿಗೆ,

ನಮಸ್ಕಾರ. ನಿಮ್ಮ ಹೆಸರನ್ನು ಏಜೆನ್ಸಿಯ ಪರಮೇಶ ಸಾಹುಕಾರರು ಹೇಳಿದರು. ನಾನು ದ್ರಾಕ್ಷಾಯಿಣಿ. ಜೂನ್ ತಿಂಗಳಿಂದ ಗರಗದ ಈ ಶಾಲೆಯಲ್ಲಿ ಕಸ ಹೊಡೆದು, ನೀರು ತುಂಬಿ, ಗಂಟೆ ಬಾರಿಸಿ, ಸಂಜೆ ಕೀಲಿ ಹಾಕಿದವಳು. ನಾಳೆಯಿಂದ ಈ ಕೆಲಸ ನಿಮ್ಮದು. ನೀವು ಬೈರಿದೇವರಕೊಪ್ಪದ ಶಾಲೆಯಲ್ಲಿ ಮಾಡುತ್ತಿದ್ದ ಕೆಲಸ ನನ್ನದು.

ಸುತ್ತೋಲೆ ನಿಮಗೂ ಓದಿ ಹೇಳಿರಬೇಕು. ಸರಕಾರಿ ಶಾಲೆಯಲ್ಲಿ ಪಾಠ ಬಿಟ್ಟು ಉಳಿದ ಕೆಲಸವೆಲ್ಲ ಇನ್ನು ಹೊರಗುತ್ತಿಗೆ. ಹೊರಗುತ್ತಿಗೆಯವರು ಒಂದೇ ಶಾಲೆಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಇರಕೂಡದು. ಇದ್ದರೆ ಕೆಲಸ ಕಾಯಂ ಮಾಡಿ ಎಂದು ಕೇಳುತ್ತಾರಂತೆ. ನಾನು ಈತನಕ ಕೇಳಿದ್ದು ಒಂದು ಹೊಸ ಕಸಬರಿಗೆ. ಅದೂ ಬಂದಿಲ್ಲ.

ಬೋರಿಗೆ ಮೊದಲು ಒಂದು ಚೊಂಬು ನೀರು ಹಾಕಿ, ಆಮೇಲೆ ಹಿಡಿಕೆ ಒತ್ತಿ. ಮಧ್ಯಾಹ್ನ ಫಕೀರವ್ವನ ಆಡು ಬರುತ್ತದೆ. ಸೀಮೆಸುಣ್ಣ ತಿನ್ನುವ ಚಟ ಅದಕ್ಕೆ. ಕೋಲು ತೋರಿಸಿದರೆ ಹೋಗುವುದಿಲ್ಲ, ಫಕೀರವ್ವನ ಹೆಸರು ಹಿಡಿದು ಕೂಗಿದರೆ ಹೋಗುತ್ತದೆ.

ಇನ್ನೊಂದು ಮಾತು. ಆರನೆಯ ತರಗತಿಯಲ್ಲಿ ಗೀತಾಂಜಲಿ ಎಂಬ ಹುಡುಗಿ ಇದ್ದಾಳೆ. ನನ್ನ ಮಗಳು. ಅವಳಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಖಾದಿ ಕೇಂದ್ರದಲ್ಲಿ ನೂಲುತ್ತಿದ್ದವಳು ಅದನ್ನು ಬಿಟ್ಟು ಈ ಕೆಲಸ ಹಿಡಿದದ್ದೇ ಮಗಳ ಕಣ್ಣೆದುರಿಗೆ ಇರಬಹುದು ಎಂದು. ಇನ್ನು ಮೊದಲ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಬರುವುದು. ಮನೆಯಲ್ಲಿ ನಮ್ಮವ್ವ ಮಾಳವ್ವ ಇದ್ದಾಳೆ, ಆದರೆ ಅಜ್ಜಿಯ ಮಾತನ್ನು ಇವಳು ಕೇಳುವುದಿಲ್ಲ. ನೀವು ವಿಶೇಷವಾಗಿ ಏನೂ ಮಾಡಬೇಕಾಗಿಲ್ಲ. ಡಬ್ಬಿಯ ರೊಟ್ಟಿ ತಾನು ತಿಂದಳೋ, ಆಡಿಗೆ ಹಾಕಿದಳೋ, ಅಷ್ಟು ನೋಡಿದರೆ ಸಾಕು.

ಧಾರವಾಡದ ಬಸ್ ನಿಲ್ದಾಣದ ಹತ್ತಿರ ಶರೀಫಸಾಬರ ಚಹಾದಂಗಡಿ ಇದೆ. ನಾವಿಬ್ಬರೂ ಬಸ್ಸು ಬದಲಿಸುವುದು ಅಲ್ಲೇ. ತಿಳಿಸುವುದೇನಾದರೂ ಇದ್ದರೆ ಅವರ ಕೈಯಲ್ಲಿ ಚೀಟಿ ಕೊಡಿ.

ಕೀಲಿಕೈ ಗಂಟೆಯ ಕೆಳಗಿನ ಗೂಟಕ್ಕಿದೆ.

ದ್ರಾಕ್ಷಾಯಿಣಿ


ಬೈರಿದೇವರಕೊಪ್ಪ, ಹುಬ್ಬಳ್ಳಿ
೧೪ ನವೆಂಬರ್ ೨೦೦೩

ದ್ರಾಕ್ಷಾಯಿಣಿಬಾಯಿಯವರಿಗೆ,

ನಿಮ್ಮ ಚೀಟಿ ಓದಿದೆ. ಆಡಿಗೂ ಓದಿ ಹೇಳಿದೆ. ಅದು ಸೀಮೆಸುಣ್ಣ ಬಿಟ್ಟು ಚೀಟಿಯ ಒಂದು ಮೂಲೆ ತಿಂದಿತು. ಫಕೀರವ್ವನ ಹೆಸರು ಹಿಡಿದು ಕೂಗಿದೆ. ಆಡು ಹೋಗಲಿಲ್ಲ, ಫಕೀರವ್ವ ಬಂದಳು. "ಯಾಕೋ ತಮ್ಮಾ, ಸಾಲ್ಯಾಗ ನಿಂತು ನನ್ನ ಹೆಸರ ಹಿಡದು ಒದರತೀ?" ಎಂದು ತರಾಟೆಗೆ ತೆಗೆದುಕೊಂಡಳು. ಈಗ ನಾವು ಮೂವರೂ ಒಂದು ಹೊಂದಾಣಿಕೆಗೆ ಬಂದಿದ್ದೇವೆ.

ನನ್ನ ಬಗ್ಗೆ ಹೇಳುವುದಾದರೆ, ತಾರಿಹಾಳದ ಒಂದು ಕಾರಖಾನೆಯಲ್ಲಿ ಲೇಥ್ ಮೇಲೆ ಕೆಲಸ ಮಾಡುತ್ತಿದ್ದೆ. ನಿಶ್ಚಯ ಕಾರ್ಯದ ವಾರವೇ ಅದು ಮುಚ್ಚಿತು. ಹೆಣ್ಣಿನ ಕಡೆಯವರು ಉಂಡು, ಎಲೆ ಅಡಿಕೆ ಹಾಕಿಕೊಂಡು, ಸಂಬಂಧ ಬೇಡವೆಂದು ಎದ್ದುಹೋದರು. ಉಂಡು ಹೋದರಲ್ಲ, ಹಸಿದು ಹೋಗಲಿಲ್ಲ ಎಂದು ನಮ್ಮಪ್ಪ ಸಮಾಧಾನ ಮಾಡಿಕೊಂಡ. ಆಮೇಲೆ ಆ ವಿಷಯವೇ ಬರಲಿಲ್ಲ. ಈಗ ಅಪ್ಪನೂ ಇಲ್ಲ, ಒಬ್ಬನೇ ಇದ್ದೇನೆ.

ನಮ್ಮ ಬೈರಿದೇವರಕೊಪ್ಪದ ಹೆಡ್ ಮಾಸ್ತರರ ವಿಷಯದಲ್ಲಿ ಹುಷಾರಾಗಿರಿ. ಏಜೆನ್ಸಿ ಕೊಟ್ಟ ಹಿತ್ತಾಳೆಯ ಬಿಲ್ಲೆ ಎದೆಯ ಮೇಲೆ ಇರಲೇಬೇಕು. "ಬಿಲ್ಲೆಯ ಮೇಲಿನ ಹೆಸರಿನ ಪ್ರಕಾರ ಹಾಜರಿ" ಎಂದು ಸುತ್ತೋಲೆಯಲ್ಲಿದೆ. ಒಂದು ದಿನ ನಾನು ಬಿಲ್ಲೆ ಮರೆತು ಹೋಗಿದ್ದೆ. "ನೀ ಯಾರಪಾ?" ಎಂದು ಕೇಳಿದರು. ಹಿಂದಿನ ಸಂಜೆಯಷ್ಟೇ ನಾನು ತಂದುಕೊಟ್ಟ ಚಹಾ ಕುಡಿದಿದ್ದರು.

ನನಗೆ ಒಂದು ತಿಳಿಯುವುದಿಲ್ಲ. ಹುಬ್ಬಳ್ಳಿಯವನು ಬಸ್ಸು ಹಿಡಿದು ಗರಗಕ್ಕೆ ಹೋಗುತ್ತಾನೆ. ಗರಗದವರು ಬಸ್ಸು ಹಿಡಿದು ಹುಬ್ಬಳ್ಳಿಗೆ ಬರುತ್ತಾರೆ. ಇಬ್ಬರೂ ಹೋಗಿ ಮಾಡುವುದು ಅದೇ ಕಸ, ಅದೇ ಗಂಟೆ. ಇದರಲ್ಲಿ ಲಾಭವಾಗುವುದು ಬಸ್ಸಿನವರಿಗೆ ಮಾತ್ರ.

ಗೀತಾಂಜಲಿ ಮೊದಲ ದಿನ ರೊಟ್ಟಿಯನ್ನು ಆಡಿಗೇ ಹಾಕಿದಳು. ಎರಡನೆಯ ದಿನ ನಾನು ಎದುರಿಗೆ ಕುಳಿತು ನನ್ನ ಡಬ್ಬಿ ಬಿಚ್ಚಿದೆ. ನಾನು ಬಡಿದ ರೊಟ್ಟಿ ನೋಡಿ ಬಹಳ ನಕ್ಕಳು. "ಇದು ರೊಟ್ಟಿ ಅಲ್ಲರಿ ಮಾಮಾ, ಭಾರತದ ನಕಾಶೆ" ಎಂದಳು. ಹಾಗೆ ನಗುತ್ತಲೇ ತನ್ನದನ್ನು ಪೂರ್ತಿ ತಿಂದಳು. ಇನ್ನು ದಿನಾ ನಕಾಶೆ ತರುತ್ತೇನೆ, ನೀವು ಚಿಂತೆ ಮಾಡಬೇಡಿ.

ನಿಮ್ಮ ಬದಲಿ,
ಹನಮೇಶ


ಗರಗ
೧೨ ಡಿಸೆಂಬರ್ ೨೦೦೩

ಹನಮೇಶಣ್ಣಾವರಿಗೆ,

ಇದರ ಜೊತೆ ಗುರೆಳ್ಳು ಚಟ್ನಿ ಕಳಿಸಿದ್ದೇನೆ. ನಕಾಶೆಗೆ ಹಚ್ಚಿಕೊಳ್ಳಿ. ಶರೀಫಸಾಬರು ದಾರಿಯಲ್ಲಿ ರುಚಿ ನೋಡಿದ್ದರೆ ನನ್ನ ಕಡೆ ಬೆರಳು ತೋರಿಸಬೇಡಿ.

ನಿಮ್ಮ ಹೆಡ್ ಮಾಸ್ತರರು ದಿನಾ ನನ್ನ ಬಿಲ್ಲೆಯನ್ನು ಗಟ್ಟಿಯಾಗಿ ಓದಿಯೇ ಒಳಗೆ ಬಿಡುತ್ತಾರೆ. ನನ್ನ ಮುಖ ಅವರಿಗೆ ಇನ್ನೂ ಪರಿಚಯವಿಲ್ಲ. ಗೇಟಿನಲ್ಲಿ ಪೇರಲ ಹಣ್ಣು ಮಾರುವ ರಸೂಲಬಿ ನಿಮ್ಮನ್ನು ಕೇಳುತ್ತಾಳೆ. "ಹನಮೇಶ ಇದ್ದಾಗ ಕಸಾ ಹಿಂಗ ಹೊಡೀತಿದ್ದಿಲ್ಲ ಬಿಡವಾ" ಎಂದಳು. ನಾನು ಹಿಗ್ಗಿದೆ. ಆಮೇಲೆ ಯೋಚಿಸಿದರೆ, ಅವಳು ಹೊಗಳಿದ್ದು ಯಾರನ್ನೋ ತಿಳಿಯಲಿಲ್ಲ.

ಮಗಳನ್ನು ನಾನು ನೋಡುವುದು ಅವಳು ಮಲಗಿದ ಮೇಲೆ. ಬೆಳಿಗ್ಗೆ ಹೊರಡುವಾಗಲೂ ಮಲಗಿರುತ್ತಾಳೆ. ನಿನ್ನೆ ಅವಳ ಲಂಗ ಗಿಡ್ಡವಾಗಿದ್ದು ಕಂಡಿತು. ಯಾವಾಗ ಬೆಳೆದಳೋ ನನಗೆ ಗೊತ್ತಾಗಲಿಲ್ಲ. ನಿಮಗೆ ಗೊತ್ತಾಗಿರಬೇಕು. ನಿಮ್ಮ ಮೇಲೆ ಸಿಟ್ಟು ಬಂತು. ಆಮೇಲೆ ಹೋಯಿತು.

ದ್ರಾಕ್ಷಾಯಿಣಿ


ಬೈರಿದೇವರಕೊಪ್ಪ
೨೦ ಫೆಬ್ರುವರಿ ೨೦೦೪

ದ್ರಾಕ್ಷಾಯಿಣಿಬಾಯಿಯವರಿಗೆ,

ಶರೀಫಸಾಬರ ಕೈಯಲ್ಲಿ ನೀವು ಹೇಳಿ ಕಳಿಸಿದಂತೆ ಪರಮೇಶ ಸಾಹುಕಾರರ ಆಫೀಸಿಗೆ ಹೋಗಿ ಬಂದೆ. ನಮ್ಮಿಬ್ಬರ ಪರವಾಗಿಯೂ ಮಾತಾಡಿದೆ. ನಡೆದದ್ದನ್ನು ಹಾಗೆಯೇ ಬರೆಯುತ್ತೇನೆ.

ನಾನು, "ಸಾಹುಕಾರ್ರ, ಆಕೀದು ಗರಗದಾಗ ಮನಿ. ನಂದು ಬೈರಿದೇವರಕೊಪ್ಪದಾಗ. ನಮ್ಮ ನಮ್ಮ ಊರಾಗ ಬಿಡ್ರಿ" ಎಂದೆ.

"ಬಿಟ್ರ ನನ್ನ ಟೆಂಡರ್ ಹೋಗತೈತಿ."

"ಆಕೀ ಮಗಳು ಅಲ್ಲೇ ಓದತಾಳ್ರಿ."

"ಸುತ್ತೋಲ್ಯಾಗ ಮಗಳ ಬಗ್ಗೆ ಏನೂ ಇಲ್ಲೋ ಹನಮೇಶಾ. ನೀ ಬೇಕಾದ್ರ ಓದಿ ನೋಡು."

ಓದಿ ನೋಡಿದೆ. ನಿಜ. ಕಸಬರಿಗೆಯ ಉದ್ದ ಎಷ್ಟಿರಬೇಕೆಂಬುದು ಇದೆ. ಮಗಳ ಬಗ್ಗೆ ಏನೂ ಇಲ್ಲ. ಪರಮೇಶ ಸಾಹುಕಾರರು ಕೆಟ್ಟವರಲ್ಲ, ಚಹಾ ತರಿಸಿದರು. ಆದರೆ ಅವರೂ ಆ ಕಾಗದಕ್ಕೆ ಹೆದರಿ ಬಾಳುವೆ ಮಾಡುತ್ತಿದ್ದಾರೆ. ಜೂನ್‌ನಲ್ಲಿ ನೀವು ಗರಗಕ್ಕೆ, ನಾನು ಹುಬ್ಬಳ್ಳಿಗೆ. ದೀಪಾವಳಿಯ ಮೇಲೆ ಮತ್ತೆ ಅದಲುಬದಲು. ಇದು ಹೀಗೆಯೇ ನಡೆಯುವುದಂತೆ.

ಒಳ್ಳೆಯ ಸುದ್ದಿ ಕೊನೆಗೆ ಇಟ್ಟಿದ್ದೇನೆ. ಗೀತಾಂಜಲಿ ನಿನ್ನೆ ಭಾಷಣ ಸ್ಪರ್ಧೆಯಲ್ಲಿ ಮೊದಲು ಬಂದಳು. ವಿಷಯ ಸ್ವಚ್ಛತೆ. ಮಾತಿನ ನಡುವೆ, "ನಮ್ಮವ್ವ ಹುಬ್ಬಳ್ಳಿ ಸಾಲಿ ಸ್ವಚ್ಛ ಮಾಡತಾಳ. ಈ ಸಾಲಿ ಹನಮೇಶ ಮಾಮಾ ಮಾಡತಾರ. ಹುಬ್ಬಳ್ಳಿ ಸಾಲಿನೇ ಹೆಚ್ಚು ಸ್ವಚ್ಛ ಇರಬೇಕು" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನೀವು ಅಲ್ಲಿ ಇರಬೇಕಿತ್ತು. ನಿಮ್ಮ ಜಾಗದಲ್ಲಿ ನಾನು ನಿಂತದ್ದು ನನಗೇ ಸರಿ ಕಾಣಲಿಲ್ಲ.

ಚಟ್ನಿ ಮುಗಿದಿದೆ.

ಹನಮೇಶ


ಗರಗ
೯ ಏಪ್ರಿಲ್ ೨೦೦೪

ಹನಮೇಶಣ್ಣಾವರಿಗೆ,

ಪರೀಕ್ಷೆ ಮುಗಿಯಿತು. ಜೂನ್‌ನಲ್ಲಿ ನನ್ನ ಶಾಲೆ ನನಗೆ, ನಿಮ್ಮದು ನಿಮಗೆ. ಇನ್ನು ಶರೀಫಸಾಬರ ಅಂಗಡಿಯಲ್ಲಿ ನಮ್ಮಿಬ್ಬರಿಗೂ ಕೆಲಸವಿಲ್ಲ. ಚಟ್ನಿಯ ಡಬ್ಬಿ ಅವರ ಹತ್ತಿರ ಇಟ್ಟಿದ್ದೇನೆ. ಖಾಲಿ ಡಬ್ಬಿ ತಿರುಗಿ ಕೊಡಬೇಕಿಲ್ಲ.

ಭಾಷಣದ ದಿನದ ಪತ್ರವನ್ನು ಮಗಳು ಪ್ರತಿ ರವಿವಾರ ಓದಿಸುತ್ತಾಳೆ. ನೀವು ಚಪ್ಪಾಳೆ ತಟ್ಟಿದ ಸಾಲು ಬಂದಾಗ ತಾನೂ ತಟ್ಟುತ್ತಾಳೆ.

ನಿಮ್ಮನ್ನು ಈತನಕ ಒಮ್ಮೆಯೂ ಕಣ್ಣಿನಿಂದ ನೋಡಿಲ್ಲ. ಒಂದು ದಿನ ಧಾರವಾಡದ ಹತ್ತಿರ ಎದುರಿನ ಬಸ್ಸಿನ ಕಿಟಕಿಯಲ್ಲಿ ಒಬ್ಬರು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ನೀವೇ ಇರಬೇಕೆಂದುಕೊಂಡೆ. ಮಗಳಿಗೆ ಹೇಳಿದೆ. "ಮಾಮಾ ಹೌದು" ಎಂದಳು.

ನಿಮ್ಮ ಉಪಕಾರ ಮರೆಯುವುದಿಲ್ಲ.

ದ್ರಾಕ್ಷಾಯಿಣಿ


ಬೈರಿದೇವರಕೊಪ್ಪ
೧೮ ಆಗಸ್ಟ್ ೨೦೦೪

ದ್ರಾಕ್ಷಾಯಿಣಿಬಾಯಿಯವರಿಗೆ,

ಇದು ಕಾರ್ಡು, ಜಾಗ ಕಡಿಮೆ. ಕೆಲಸ ಮನೆಯ ಹತ್ತಿರವೇ ಇದೆ. ನಿದ್ದೆ ಚೆನ್ನಾಗಿ ಆಗುತ್ತದೆ, ಬಾಯಿ ಮುಚ್ಚಿಯೇ ಮಾಡುತ್ತೇನೆ. ಎಲ್ಲ ಸುಖವಾಗಿದ್ದರೂ ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ನಗುವವರಿಲ್ಲ. ಆಡು ಹೇಗಿದೆ? ಫಕೀರವ್ವ? ಗೀತಾಂಜಲಿ? ನೀವು?

ಹನಮೇಶ


ಗರಗ
೨೩ ನವೆಂಬರ್ ೨೦೦೪

ಹನಮೇಶ ಅವರಿಗೆ,

ನಿಮ್ಮ ಕಾರ್ಡಿಗೆ ಉತ್ತರ ಬರೆಯದೆ ಇದ್ದದ್ದಕ್ಕೆ ಸಿಟ್ಟಾಗಬೇಡಿ. ಮೂರು ಸಲ ಬರೆದು ಹರಿದೆ. ಈಗ ಹರಿಯುವಷ್ಟು ಪುರುಸೊತ್ತಿಲ್ಲ, ಸುದ್ದಿ ಹಾಗಿದೆ.

ಹೊಸ ಪಾಳಿಗೆ ಬಿಲ್ಲೆ ಥಳಥಳ ಹೊಳೆಯಬೇಕು ಎಂದು ಪರಮೇಶ ಸಾಹುಕಾರರು ಹೇಳಿದ್ದರಲ್ಲ. ರಜೆಯಲ್ಲಿ ಅವರ ಆಫೀಸಿಗೆ ಸಹಿ ಮಾಡಲು ಹೋದಾಗ ನನ್ನದನ್ನು ಶರೀಫಸಾಬರಿಗೆ ಕೊಟ್ಟೆ. ಚಹಾದ ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು ಹಚ್ಚಿ ಬಂಗಾರದಂತೆ ತಿಕ್ಕುತ್ತಾರೆ ಅವರು. ನೀವೂ ನಿಮ್ಮದನ್ನು ಅವರಿಗೇ ಕೊಟ್ಟಿದ್ದಿರಿ ಎಂದು ನನಗೇನು ಗೊತ್ತು? ನಿನ್ನೆ ಪಾಳಿ ಬದಲಾಗುವ ದಿನ. ಬೆಳಿಗ್ಗೆ ಅವರು ಪೇಪರಿನಲ್ಲಿ ಸುತ್ತಿ ಕೊಟ್ಟದ್ದನ್ನು ಹಿಡಿದು ಓಡಿದೆ. ಓಡುವ ಬಸ್ಸಿನಲ್ಲೇ ಸೆರಗಿಗೆ ಚುಚ್ಚಿಕೊಂಡೆ, ನೋಡಲಿಲ್ಲ.

ಬೈರಿದೇವರಕೊಪ್ಪದ ಗೇಟಿನಲ್ಲಿ ನಿಮ್ಮ ಹೆಡ್ ಮಾಸ್ತರರು ಎಂದಿನಂತೆ ಗಟ್ಟಿಯಾಗಿ ಓದಿದರು: "ಹನಮೇಶ."

ನಾನು, "ಸರ್, ಬಿಲ್ಲಿ ಅದಲಬದಲ ಆಗೈತ್ರಿ. ನಾ ದ್ರಾಕ್ಷಾಯಿಣಿ. ಹ್ವಾದ ವರ್ಷ ಇಲ್ಲೇ ಇದ್ದೆನಲ್ರಿ, ನಿಮಗ ಗೊತ್ತೈತಿ" ಎಂದೆ.

"ನನಗ ಗೊತ್ತೈತವಾ. ಸುತ್ತೋಲಿಗೆ ಗೊತ್ತಿಲ್ಲಲ್ಲ. ಹನಮೇಶಂದು ಈ ಸಾಲ್ಯಾಗಿನ ಪಾಳಿ ಮುಗದೈತಿ. ಹನಮೇಶ ಇವತ್ತ ಗರಗದಾಗ ಇರಬೇಕು. ನಡಿ, ಲಗೂನ ಹೋಗು."

ಬಂದ ಬಸ್ಸಿನಲ್ಲೇ ತಿರುಗಿ ಬಂದೆ. ಗರಗದ ಹೆಡ್ ಮಾಸ್ತರರು ಸೌಮ್ಯ ಮನುಷ್ಯ. ತಲೆ ಎತ್ತದೆ ಬಿಲ್ಲೆ ಓದಿ, ಹಾಜರಿ ಬರೆದು, ಆಮೇಲೆ ಮುಖ ನೋಡಿದರು. "ಬರದಾತಲ್ಲವಾ, ಇನ್ನ ಅಳಿಸಿದ್ರ ಕೆಟ್ಟ ಕಾಣತೈತಿ" ಎಂದು ನಕ್ಕುಬಿಟ್ಟರು. ಮಗಳು ತರಗತಿಯ ಕಿಟಕಿಯಿಂದ ನೋಡಿ ಅಂಗಳಕ್ಕೆ ಓಡಿ ಬಂದಳು. ಪಾಠ ಮಾಡುತ್ತಿದ್ದ ಅವಳ ಅಕ್ಕೋರು ಕರೆದರೂ ಹೋಗಲಿಲ್ಲ. ನನ್ನ ಸೆರಗು ಬಿಡಲಿಲ್ಲ.

ಈಗ ಹೇಳಿ, ಏನು ಮಾಡೋಣ? ತಪ್ಪು ತಿದ್ದಿಸಿದರೆ ನಾಳೆಯೇ ಇಬ್ಬರಿಗೂ ಬಸ್ಸು. ಸುಮ್ಮನಿದ್ದರೆ ಒಂದಲ್ಲ ಒಂದು ದಿನ ಕೆಲಸಕ್ಕೇ ಕುತ್ತು. ಈ ಕೆಲಸ ಹೋದರೆ ನನಗೆ ಬೇರೆ ದಾರಿಯಿಲ್ಲ. ನೀವು ಹೇಳಿದಂತೆ ಮಾಡುತ್ತೇನೆ.

ದ್ರಾಕ್ಷಾಯಿಣಿ


ಬೈರಿದೇವರಕೊಪ್ಪ
೨೬ ನವೆಂಬರ್ ೨೦೦೪

ದ್ರಾಕ್ಷಾಯಿಣಿಯವರಿಗೆ,

ಪತ್ರ ಓದಿ ಬಿದ್ದು ಬಿದ್ದು ನಕ್ಕೆ. ನನ್ನ ಕಥೆಯನ್ನೂ ಕೇಳಿ.

ನಾನು ಗರಗದ ಬಸ್ಸಿನಲ್ಲಿ ಕುಳಿತ ಮೇಲೆ ಪೇಪರು ಬಿಚ್ಚಿದೆ. ನೋಡಿದರೆ ನಿಮ್ಮ ಹೆಸರು. ಅಲ್ಲೇ ಇಳಿದು ತಿರುಗಿ ಬಂದೆ. ಶರೀಫಸಾಬರು ಹಣೆ ಚಚ್ಚಿಕೊಂಡು, "ಅರೇ ಬೇಟಾ, ಎರಡೂ ಒಂದೇ ನಮೂನಿ ಹೊಳೀತಿದ್ವು! ಹೆಸರ ಓದಾಕ ನಾ ಏನ್ ಸಾಲಿ ಕಲ್ತೇನಿ?" ಎಂದರು. ನೀವು ಆಗಲೇ ಹುಬ್ಬಳ್ಳಿ ಬಸ್ಸು ಹಿಡಿದಿದ್ದಿರಿ. ಬಿಲ್ಲೆ ಬದಲಿಸಿಕೊಂಡು ಬರೋಣವೆಂದು ನಾನೂ ಬೆನ್ನು ಹತ್ತಿದೆ. ಬೈರಿದೇವರಕೊಪ್ಪಕ್ಕೆ ಬರುವಷ್ಟರಲ್ಲಿ ನಿಮ್ಮನ್ನು ಗರಗಕ್ಕೆ ಅಟ್ಟಿದ್ದರು. ಹೆಡ್ ಮಾಸ್ತರರು ನನ್ನ ಕೈಯಲ್ಲಿದ್ದ ಬಿಲ್ಲೆ ಓದಿದರು. ನನ್ನ ಮೀಸೆ ನೋಡಿದರು. ಮತ್ತೊಮ್ಮೆ ಬಿಲ್ಲೆ ಓದಿದರು.

"ದ್ರಾಕ್ಷಾಯಿಣಿ, ಮೊದಲನೇ ದಿನಾನ ತಡಾ ಏನ? ಗಂಟಿ ಹೊಡಿ ಹೋಗು."

ಹೋಗಿ ಹೊಡೆದೆ. ಏನು ಮಾಡಲಿ?

ನೀವು ನನ್ನನ್ನು ಕೇಳಿದ್ದೀರಿ, ಅದಕ್ಕೆ ನೇರವಾಗಿ ಹೇಳುತ್ತೇನೆ. ಸುಮ್ಮನಿರೋಣ. ನಾವು ಸುಳ್ಳು ಹೇಳಿಲ್ಲ. ನೀವು ಹೆಸರು ಹೇಳಿದಿರಿ, ಅವರು ಬಿಲ್ಲೆಯನ್ನು ನಂಬಿದರು. ಯಾರಾದರೂ ಕೇಳಿದ ದಿನ ಇದ್ದದ್ದು ಇದ್ದಂತೆ ಹೇಳೋಣ. ಅಲ್ಲಿಯತನಕ ಮಗಳ ಲಂಗ ಗಿಡ್ಡವಾಗುವುದನ್ನು ನೀವೇ ನೋಡಿ.

ರಸೂಲಬಿ ಈಗ "ಏನವಾ ದ್ರಾಕ್ಷಾಯಿಣಿ, ಪ್ಯಾರಲ ಹಣ್ಣ ಬೇಕೇನ?" ಎನ್ನುತ್ತಾಳೆ. ಮಕ್ಕಳು ದ್ರಾಕ್ಷಾಯಿಣಿ ಮಾಮಾ ಎನ್ನುತ್ತಾರೆ. ನಾನು ಓ ಎನ್ನುತ್ತೇನೆ. ಚೆನ್ನಾದ ಹೆಸರು, ಕರೆಸಿಕೊಳ್ಳಲು ಹಿತವಾಗಿದೆ.

ಈ ಸಲದ ಪತ್ರದಲ್ಲಿ "ಅಣ್ಣಾ" ಎಂಬುದು ಇರಲಿಲ್ಲ. ಅವಸರದಲ್ಲಿ ಬಿಟ್ಟುಹೋಗಿರಬಹುದು. ನಾನೇನೂ ತಪ್ಪು ತಿಳಿದಿಲ್ಲ.

ಬಿಲ್ಲೆಯ ಪ್ರಕಾರ ದ್ರಾಕ್ಷಾಯಿಣಿ,
ಹನಮೇಶ


ಗರಗ
೧೧ ಫೆಬ್ರುವರಿ ೨೦೦೫

ಹನಮೇಶ ಅವರಿಗೆ,

ಕೇಳುವವರು ಬಂದರು.

ತಪಾಸಣೆಗೆ ಧಾರವಾಡದ ಶಿಕ್ಷಣ ಇಲಾಖೆಯ ಆಫೀಸಿನಿಂದ ಒಬ್ಬ ಮೇಡಂ ಬಂದಿದ್ದರು. ಶೌಚಾಲಯ ನೋಡಿ "ಛಲೋ ಇಟ್ಟೀರಿ" ಎಂದರು. ಅಷ್ಟರಲ್ಲಿ ಒಂದನೆಯ ತರಗತಿಯ ಮಗುವೊಂದು "ಹನಮೇಶಕ್ಕಾ, ನೀರು!" ಎಂದು ಕೂಗಿತು. ನಾನು ನೀರು ಕೊಟ್ಟೆ. ಮೇಡಂ ನನ್ನ ಬಿಲ್ಲೆ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. "ನಿಮ್ಮ ಖರೇ ಹೆಸರ ಏನ್ರಿ?" ಎಂದರು. ಹೇಳಿದೆ. ಎಲ್ಲವನ್ನೂ ಹೇಳಿದೆ, ಹುಣಸೆಹಣ್ಣಿನಿಂದ ಹಿಡಿದು.

ಬರುವ ಮಂಗಳವಾರ ನಮ್ಮಿಬ್ಬರನ್ನೂ ಧಾರವಾಡದ ಆಫೀಸಿಗೆ ಕರೆದಿದ್ದಾರೆ. ಪರಮೇಶ ಸಾಹುಕಾರರನ್ನೂ. ಬಿಲ್ಲೆ ಹೇಗಿದೆಯೋ ಹಾಗೇ ಹಾಕಿಕೊಂಡು ಬರಬೇಕಂತೆ.

ಹೆದರಿಕೆಯಾಗಿದೆ. ಮುಚ್ಚಿಡುವುದಿಲ್ಲ. ಈ ಮೂರು ತಿಂಗಳು ಮಗಳ ತಲೆಯನ್ನು ನಾನೇ ಬಾಚಿದೆ. ಕೆಲಸ ಹೋದರೂ ಅಷ್ಟಂತೂ ನನ್ನದಾಯಿತು. ನಿಮ್ಮ ಕೆಲಸಕ್ಕೂ ನನ್ನಿಂದ ತೊಂದರೆಯಾಯಿತಲ್ಲ ಎಂಬುದೇ ಚುಚ್ಚುತ್ತದೆ.

ನಿಮ್ಮನ್ನು ಅಲ್ಲಿ ಹೇಗೆ ಗುರುತು ಹಿಡಿಯಲಿ ಎಂದು ಮಗಳನ್ನು ಕೇಳಿದೆ. "ಎದಿ ಮ್ಯಾಲ ನಿನ್ನ ಹೆಸರ ಇರತೈತಲ್ಲಬೇ" ಎಂದಳು.

ದ್ರಾಕ್ಷಾಯಿಣಿ


ಬೈರಿದೇವರಕೊಪ್ಪ
೧೯ ಫೆಬ್ರುವರಿ ೨೦೦೫

ದ್ರಾಕ್ಷಾಯಿಣಿಯವರಿಗೆ,

ಮಂಗಳವಾರ ಆಫೀಸಿನಲ್ಲಿ ಅಷ್ಟು ಹೊತ್ತು ಒಂದೇ ಬೆಂಚಿನ ಎರಡು ತುದಿಗೆ ಕುಳಿತಿದ್ದೆವು. ಪತ್ರದಲ್ಲಿ ಅಷ್ಟು ಚುರುಕಾಗಿ ಮಾತಾಡುವವರು ಎದುರಿಗೆ ಇಷ್ಟು ಮೆತ್ತಗೆ ಇರುತ್ತೀರಿ ಎಂದು ನನಗೆ ಗೊತ್ತಿರಲಿಲ್ಲ. ನಾನೂ ಪತ್ರದಲ್ಲಿ ಇರುವಷ್ಟು ಬಾಯಿಬಡುಕನಲ್ಲ ಎಂದು ನಿಮಗೂ ತಿಳಿದಿರಬೇಕು.

ಮೇಡಂ "ದ್ರಾಕ್ಷಾಯಿಣಿ" ಎಂದಾಗ ರೂಢಿಯಿಂದ ನಾನು ಎದ್ದೆ. "ಹನಮೇಶ" ಎಂದಾಗ ನೀವು ಎದ್ದಿರಿ. ಅವರು ಫೈಲು ಮುಖಕ್ಕೆ ಹಿಡಿದದ್ದು ಓದುವುದಕ್ಕಲ್ಲ. ಫೈಲು ಅಲುಗುತ್ತಿತ್ತು. ಆ ನಗುವೇ ನಮ್ಮನ್ನು ಉಳಿಸಿತು ಎಂದು ನನ್ನ ಲೆಕ್ಕ. ಪರಮೇಶ ಸಾಹುಕಾರರು ಮಾತ್ರ ಕರವಸ್ತ್ರ ಒದ್ದೆ ಮಾಡಿಕೊಂಡರು.

ಕೆಲಸ ಉಳಿಯಿತು. ಆದರೆ ಶಿಕ್ಷೆಯೂ ಬಂತು. ಏಪ್ರಿಲ್ ಮುಗಿಯುವತನಕ ಇದ್ದಲ್ಲೇ ಇರಬೇಕು. ಜೂನ್‌ನಿಂದ ಅವರವರ ಬಿಲ್ಲೆ ಅವರವರ ಎದೆಯ ಮೇಲೆ. ತಪ್ಪಿಸಿದ ಪಾಳಿಯನ್ನೂ ಸೇರಿಸಿ ಇಡೀ ವರ್ಷ ನೀವು ಹುಬ್ಬಳ್ಳಿಗೆ, ನಾನು ಗರಗಕ್ಕೆ. ಅದನ್ನು ಕೇಳಿದಾಗ ನಿಮ್ಮ ಮುಖ ನೋಡಿದೆ. ಆಮೇಲೆ ನೋಡಲು ಧೈರ್ಯವಾಗಲಿಲ್ಲ.

ನಾವು ಏಳುವಾಗ ಮೇಡಂ ಒಂದು ಮಾತು ಹೇಳಿದರು. "ಒಬ್ಬರು ಆ ತುದಿಗೆ, ಒಬ್ಬರು ಈ ತುದಿಗೆ. ಧಾರವಾಡದಾಗ ಮನಿ ಮಾಡಬಾರದೇನ್ರಿ? ಯಾವ ಕಡೆ ಹಾಕಿದ್ರೂ ಅರ್ಧಾ ದಾರಿ." ಅವರು ಹೇಳಿದ್ದು ಬೇರೆ ಬೇರೆ ಮನೆಯ ವಿಷಯ. ಆದರೆ ಆಗ ನೀವು ನೆಲ ನೋಡಿದಿರಿ. ನಾನೂ ನೆಲವನ್ನೇ ನೋಡುತ್ತಿದ್ದೆ, ಹಾಗಾಗಿ ಗೊತ್ತು.

ಹನಮೇಶ


ಗರಗ
೨ ಏಪ್ರಿಲ್ ೨೦೦೫

ಹನಮೇಶ ಅವರಿಗೆ,

ಗೀತಾಂಜಲಿ ಏಳನೆಯ ತರಗತಿಯ ಪರೀಕ್ಷೆ ಬರೆದಳು, ಚೆನ್ನಾಗಿ ಆಗಿದೆಯಂತೆ. ಎಂಟನೆಯ ತರಗತಿಗೆ ಧಾರವಾಡದ ಹೈಸ್ಕೂಲಿಗೆ ಹಾಕಬೇಕೆಂದು ಅವಳ ಅಕ್ಕೋರು ಹೇಳುತ್ತಾರೆ. ಬೋರಿನ ಹಿಡಿಕೆ ಮುರಿದಿತ್ತು, ರಿಪೇರಿ ಆಗಿದೆ. ಫಕೀರವ್ವನ ಆಡು ಎರಡು ಮರಿ ಹಾಕಿದೆ. ಒಂದಕ್ಕೆ ಮಗಳು ದ್ರಾಕ್ಷಾಯಿಣಿ ಮಾಮಾ ಎಂದು ಹೆಸರಿಟ್ಟಿದ್ದಾಳೆ.

ಬೇರೆ ಏನೂ ವಿಶೇಷವಿಲ್ಲ.

ದ್ರಾಕ್ಷಾಯಿಣಿ


ಬೈರಿದೇವರಕೊಪ್ಪ
೬ ಮೇ ೨೦೦೫

ದ್ರಾಕ್ಷಾಯಿಣಿಯವರಿಗೆ,

"ಬೇರೆ ಏನೂ ವಿಶೇಷವಿಲ್ಲ" ಎಂಬ ನಿಮ್ಮ ಸಾಲನ್ನು ತಿಂಗಳೆಲ್ಲ ಓದಿದೆ. ಇನ್ನು ನಾನೇ ವಿಶೇಷ ಬರೆಯುತ್ತೇನೆ. ಓದಿ ಸಿಟ್ಟು ಬಂದರೆ ಆಡಿಗೆ ಹಾಕಿ.

ಮೊನ್ನೆ ಶರೀಫಸಾಬರ ಜೊತೆ ಧಾರವಾಡದಲ್ಲಿ ಒಂದು ಮನೆ ನೋಡಿ ಬಂದೆ. ಎರಡು ಕೋಣೆ, ಹಿತ್ತಲಲ್ಲಿ ನುಗ್ಗೆ ಗಿಡ. ಬಸ್ ನಿಲ್ದಾಣ ಹತ್ತಿರ, ಹೆಣ್ಣುಮಕ್ಕಳ ಹೈಸ್ಕೂಲು ಇನ್ನೂ ಹತ್ತಿರ. ಅಲ್ಲಿದ್ದರೆ ಸುತ್ತೋಲೆ ಯಾರನ್ನು ಯಾವ ದಿಕ್ಕಿಗೆ ಕಳಿಸಿದರೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಮನೆಯಲ್ಲಿ ಇರುತ್ತೇವೆ. ಮಾಳವ್ವನವರಿಗೆ ಬಿಸಿಲು ಬೀಳುವ ಕಟ್ಟೆ ಇದೆ. ನಾನು ರೊಟ್ಟಿ ಬಡಿಯಬಲ್ಲೆ, ಅದರ ಆಕಾರ ನಿಮಗೆ ಗೊತ್ತೇ ಇದೆ.

ಇದನ್ನು ನಾನು ಬಸ್ಸಿನ ಅನುಕೂಲಕ್ಕಾಗಿ ಕೇಳುತ್ತಿಲ್ಲ. ಬಸ್ಸನ್ನು ನಡುವೆ ತಂದದ್ದು ನನ್ನ ಪುಕ್ಕಲುತನ. ನಿಮ್ಮ ಮೊದಲ ಚೀಟಿಯನ್ನು ಆಡು ತಿನ್ನಲು ಬಂದಾಗ ನಾನು ಕಸಿದುಕೊಂಡೆನಲ್ಲ, ಆ ಹರಿದ ಮೂಲೆಯ ಚೀಟಿ ಇನ್ನೂ ನನ್ನ ಹತ್ತಿರ ಇದೆ. ನೀವು ನನಗೆ ಬೇಕು. ಗೀತಾಂಜಲಿ ಬೇಕು. ಉಡಿಕಿ ಮದುವೆಯ ಪದ್ಧತಿ ನಿಮ್ಮಲ್ಲೂ ಇದೆ, ನಮ್ಮಲ್ಲೂ ಇದೆ. ಎರಡನೆಯ ಸಲ ಮದುವೆಯಾದ ಹೆಣ್ಣುಮಗಳನ್ನು ನಮ್ಮ ಓಣಿಯಲ್ಲಿ ಯಾರೂ ಬೆರಳು ಮಾಡಿ ತೋರಿಸುವುದಿಲ್ಲ. ತೋರಿಸಿದರೆ ರಸೂಲಬಿ ಇದ್ದಾಳೆ.

ಬೇಡವೆಂದರೆ ಅದನ್ನೂ ಬರೆಯಿರಿ. ಜೂನ್‌ನಲ್ಲಿ ಗರಗದ ಶಾಲೆಗೆ ಬಂದು ಮೊದಲಿನಂತೆ ಕಸ ಹೊಡೆಯುತ್ತೇನೆ, ಈ ಮಾತು ಮತ್ತೆ ಎತ್ತುವುದಿಲ್ಲ.

ಪರಮೇಶ ಸಾಹುಕಾರರು ದಿನಾ ಹೇಳಿ ಕಳಿಸುತ್ತಿದ್ದಾರೆ. ಶಾಲೆ ಶುರುವಾಗುವ ಮೊದಲು ನಾವಿಬ್ಬರೂ ಬಿಲ್ಲೆಗಳನ್ನು ಕೈಯಿಂದ ಕೈಗೆ ಬದಲಿಸಿಕೊಳ್ಳಬೇಕಂತೆ. ಇನ್ನು ಮೇಲೆ ಶರೀಫಸಾಬರು ನಡುವೆ ಬರಕೂಡದಂತೆ. ನಿಮ್ಮ ಬಿಲ್ಲೆಯನ್ನು ಯಾವಾಗ, ಎಲ್ಲಿ ತಂದು ಕೊಡಲಿ?

ಹನಮೇಶ


ಗರಗ
೧೫ ಮೇ ೨೦೦೫

ಹನಮೇಶ ಅವರಿಗೆ,

ಪತ್ರ ಬಂತು. ಮಗಳು ಮೊದಲು ಓದಿದಳು, ಆಮೇಲೆ ಅಜ್ಜಿಗೆ ಓದಿ ಹೇಳಿದಳು. ಅಜ್ಜಿ ಫಕೀರವ್ವನಿಗೆ ಹೇಳಿದಳು. ನನ್ನ ಕೈಗೆ ಬರುವಷ್ಟರಲ್ಲಿ ಊರಿಗೆಲ್ಲ ಉತ್ತರ ಗೊತ್ತಾಗಿತ್ತು, ನನ್ನೊಬ್ಬಳನ್ನು ಬಿಟ್ಟು. ನಾನು ಒಲೆಯ ಮುಂದೆ ಕುಳಿತು ಒಬ್ಬಳೇ ಓದಿದೆ. ಅತ್ತುಬಿಟ್ಟೆ. ಕೇಳಿದವರಿಗೆ ಒಲೆಯ ಹೊಗೆ ಎಂದೆ.

ಬರುವ ರವಿವಾರ ಗರಗಕ್ಕೆ ಬನ್ನಿ. ಊಟ ಇಲ್ಲೇ. ಬಾಯಿ ತೆರೆದು ನಿದ್ದೆ ಮಾಡುತ್ತ ನಮ್ಮೂರು ದಾಟಿ ಹೋಗಬೇಡಿ. ನಿಮ್ಮ ಬಿಲ್ಲೆ ಹುಣಸೆಹಣ್ಣು ಹಚ್ಚಿ ತೊಳೆದು ಇಟ್ಟಿದ್ದೇನೆ, ನನ್ನ ಕೈಯಿಂದಲೇ ತೆಗೆದುಕೊಳ್ಳಿ. ಕೆಲಸಕ್ಕೆ ಅದು ಬೇಕು, ಪರಮೇಶ ಸಾಹುಕಾರರು ಮತ್ತೆ ಕರವಸ್ತ್ರ ಒದ್ದೆ ಮಾಡಿಕೊಳ್ಳುವುದು ಬೇಡ.

ನನ್ನದನ್ನು ಮಾತ್ರ ತರಬೇಡಿ. ಧಾರವಾಡದ ಮನೆಯ ಗೂಟಕ್ಕೆ ಹಾಕಿ ಇಡಿ. ಜೂನ್ ಒಂದಕ್ಕೆ ಅಲ್ಲಿಂದಲೇ ಕೆಲಸಕ್ಕೆ ಹೋಗುವಾಗ ತೆಗೆದುಕೊಳ್ಳುತ್ತೇನೆ.

ರವಿವಾರದ ತನಕ ಬಿಲ್ಲೆಯ ಪ್ರಕಾರ ಹನಮೇಶ,
ದ್ರಾಕ್ಷಾಯಿಣಿ